ಮಾತ್ರೆ ಕೊಡುವವರು ಯಾರು?

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಮನೆಗೆ ಹೋದವರು ತಿಂಗಳೊಳಗೆ ಕಾಲು ಊದಿ, ಏದುಸಿರು ಬಿಡುತ್ತಾ ವಾಪಸ್ ಬರುವುದನ್ನು ವಾರ್ಡಿನಲ್ಲಿ ಮತ್ತೆ ಮತ್ತೆ ನೋಡುತ್ತೇನೆ. "ಮನೆಯವರು ಸರಿಯಾಗಿ ನೋಡಿಕೊಂಡಿಲ್ಲ" ಎಂಬ ಮಾತು ಆಗ ಬೇಗ ಬಂದುಬಿಡುತ್ತದೆ. ಆ ಮಾತು ನನಗೆ ನೋವು ಕೊಡುತ್ತದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಎಪ್ಪತ್ತರ ಆಸುಪಾಸಿನ ಹಿರಿಯರು. ಊರಲ್ಲಿ ಸೊಸೆ ನೋಡಿಕೊಳ್ಳುತ್ತಾರೆ, ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಎರಡನೇ ಸಲ ಅಡ್ಮಿಟ್ ಆದಾಗ ಮಗ, ಸೊಸೆ ಇಬ್ಬರನ್ನೂ ಕೂರಿಸಿಕೊಂಡೆ. ಮಗ ಸಿಟ್ಟಿನಲ್ಲಿದ್ದರು. "ಉಪ್ಪು ಕಮ್ಮಿ ಮಾಡಿ ಅಂತ ಅಷ್ಟು ಹೇಳಿದ್ರು. ಇವಳು ದಿನಾ ಉಪ್ಪಿನಕಾಯಿ, ಹಪ್ಪಳ ಬಡಿಸಿದ್ದಾಳೆ ಮೇಡಂ."

"ಹೇಳಿದ್ದು ನಿಮಗೆ ಗೊತ್ತಿತ್ತಾ ಅಮ್ಮ?" ಎಂದು ಸೊಸೆಯನ್ನು ಕೇಳಿದೆ.

"ಡಿಸ್ಚಾರ್ಜ್ ದಿನ ಎಲ್ಲಾ ಹೇಳಿದ್ದು ಇವರಿಗೆ. ನಾನು ಕೆಳಗೆ ಸಾಮಾನು ಕಾಯ್ತಾ ಕೂತಿದ್ದೆ. ಅಡುಗೆ ಮಾಡೋಳು ನಾನು, ಮಾತ್ರೆ ಕೊಡೋಳು ನಾನು. ನನ್ನ ಕೈಗೆ ಬಂದಿದ್ದು ಮಾತ್ರೆ ಕವರ್ ಒಂದೇ."

ಮಗ ಸುಮ್ಮನಾದರು. ಆಮೇಲೆ ಒಂದೊಂದೇ ಹೊರಬಂತು. ಬಾವು ಇಳಿದ ಕೂಡಲೇ ಮಾವ ನೀರಿಳಿಸುವ ಮಾತ್ರೆ ಬಿಟ್ಟಿದ್ದರು. ಸಂಜೆ ನುಂಗಿದರೆ ರಾತ್ರಿಯೆಲ್ಲಾ ಮೂತ್ರಕ್ಕೆ ಏಳಬೇಕಿತ್ತು, ಪಾಪ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಂದಿದ್ದರು. ಈ ತರಹದ ನೋವಿನ ಮಾತ್ರೆ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತದೆ. ಹೃದಯ ಸೋತವರಿಗೆ ಅದು ಅಪಾಯ. ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿ ಮಾತ್ರ ಬೀರುವಿನಲ್ಲಿ ಭದ್ರವಾಗಿತ್ತು. ಇದರಲ್ಲಿ ಸೊಸೆಯ ಅಸಡ್ಡೆ ಎಲ್ಲಿದೆ?

ಅಮೆರಿಕದಲ್ಲಿ 2012ರ ಅಕ್ಟೋಬರ್‌ನಿಂದ, ಇಂಥ ರೋಗಿಗಳು 30 ದಿನದೊಳಗೆ ಜಾಸ್ತಿ ವಾಪಸ್ ಬಂದರೆ ಮುಖ್ಯವಾಗಿ ಹಿರಿಯರಿಗಿರುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಆಸ್ಪತ್ರೆಗೆ ಕೊಡುವ ಹಣವನ್ನೇ ಕಡಿತ ಮಾಡುತ್ತದೆ. ದಂಡದಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಗೆ ಕಳಿಸಿದ ಮೇಲೂ ಆಸ್ಪತ್ರೆಗೆ ಹೊಣೆ ಇದೆ ಎಂಬುದನ್ನು ಅಲ್ಲಿ ಒಪ್ಪಿದ್ದಾರೆ, ಅಲ್ವಾ?

ಹಿರಿಯರ ಒಪ್ಪಿಗೆ ಕೇಳಿ, ಈ ಸಲ ನರ್ಸ್ ಸೊಸೆಗೇ ಹೇಳಲಿ ಎಂದೆ. ಕೇಳಿದ್ದನ್ನು ಅವರು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. "ಯಜಮಾನರು ಇರುವಾಗ ಹೆಂಗಸರಿಗೇಕೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಾತ್ರೆ ಯಾರ ಕೈಯಿಂದ ಹೋಗುತ್ತದೋ ಅವರಿಗೇ ತಿಳಿದಿರಬೇಕು, ಇದರಲ್ಲಿ ನಾನು ರಾಜಿಯಾಗಲ್ಲ.

ಡಾಕ್ಟರ್ ಸಂಜೆಯ ಡೋಸನ್ನು ಮಧ್ಯಾಹ್ನಕ್ಕೆ ಬದಲಿಸಿದರು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಕಾಯದೆ ಫೋನ್ ಮಾಡಿ ಎಂದೆವು. ಮಗನಿಗೂ ಕೆಲಸ ಕೊಟ್ಟೆ: ವಾರದೊಳಗಿನ ತಪಾಸಣೆಗೆ ಕರೆದುಕೊಂಡು ಬರುವುದು, ಮಾತ್ರೆ ಮುಗಿಯುವ ಮುಂಚೆ ತರಿಸುವುದು, ಹೆಂಡತಿಯನ್ನು ಬೈಯದಿರುವುದು.

ನಿಮ್ಮ ಮನೆಯಲ್ಲೂ ಡಿಸ್ಚಾರ್ಜ್ ಇದ್ದರೆ, ಮಾತ್ರೆ ಕೊಡುವವರನ್ನು ಕರೆದುಕೊಂಡು ಬನ್ನಿ. ಬರಲಾಗದಿದ್ದರೆ ನರ್ಸ್ ಹೇಳುವಾಗ ಫೋನ್ ಸ್ಪೀಕರ್‌ಗೆ ಹಾಕಿ. ಬಿಲ್ ಕಟ್ಟಿ ಆಮೇಲೆ ಕೇಳೋಣ ಎನ್ನಬೇಡಿ, ಅಷ್ಟರಲ್ಲಿ ಆ ಹಾಸಿಗೆಗೆ ಇನ್ನೊಬ್ಬರು ಬಂದಿರುತ್ತಾರೆ.