ನಾಯಿಯನ್ನು ಕೊಟ್ಟುಬಿಡಿ ಎಂದು ನಾನೇಕೆ ಹೇಳಲಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ. ಆತ್ಮಹತ್ಯೆಯ ಯೋಚನೆಯ ಪ್ರಸ್ತಾಪ ಬರುತ್ತದೆ. ಓದಲು ಕಷ್ಟವೆನಿಸಿದರೆ ಇಲ್ಲಿಗೇ ಬಿಡಿ.)

ನಾನು ಆಪ್ತಸಲಹೆಗಾರ್ತಿ. ಆ ಅಕ್ಕ-ತಮ್ಮ ನನ್ನ ಬಳಿ ಮೊದಲ ಸಲ ಬಂದಾಗ ಮಾತಾಡಿದ್ದೆಲ್ಲ ಅಕ್ಕ. ತಮ್ಮ ಪಕ್ಕದಲ್ಲಿ ಕೂತಿದ್ದರು, ಪ್ಲಾಸ್ಟರ್ ಹಾಕಿದ ಬಲಗೈ ಬೇರೆ ಯಾರದೋ ಎಂಬಂತೆ ಅದನ್ನೇ ನೋಡುತ್ತ. ವಯಸ್ಸು 58. ಹೆಂಡತಿ ತೀರಿಕೊಂಡು ಎರಡು ವರ್ಷ. ಅವಧಿಗೆ ಮೊದಲೇ ನಿವೃತ್ತಿ, ಮಗ ದೂರದಲ್ಲಿ, ಬಿ.ಪಿ. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅವರು ಮತ್ತು ಒಂದು ಲ್ಯಾಬ್ರಡಾರ್. ಬೆಳಗಿನ ವಾಕಿಂಗ್‌ನಲ್ಲಿ ಅದರ ಚೈನು ಕಾಲಿಗೆ ಸುತ್ತಿಕೊಂಡು ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು.

“ಇವನಿಗೆ ಇವನನ್ನೇ ನೋಡ್ಕೊಳ್ಳೋಕಾಗ್ತಿಲ್ಲ, ಅದರ ಮೇಲೆ ಅದೊಂದು. ನಾನು ಕರ್ಕೊಂಡು ಹೋಗ್ತೀನಿ ಅಂದ್ರೆ ಕೇಳ್ತಿಲ್ಲ. ನೀವಾದ್ರೂ ಹೇಳಿ ಮೇಡಂ.”

ನಿಜ ಹೇಳಬೇಕೆಂದರೆ ಅಕ್ಕನ ಮಾತು ನನಗೂ ಸರಿಯೆನಿಸಿತ್ತು. ನಾಯಿಯಿಂದ ಬಿದ್ದು ಮೂಳೆ ಮುರಿದುಕೊಳ್ಳುವುದು ಅಪರೂಪದ ಸಂಗತಿಯೇನಲ್ಲ. ಅಮೆರಿಕದಲ್ಲಿ 65 ದಾಟಿದವರು ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯುವಾಗ ಮೂಳೆ ಮುರಿದುಕೊಂಡು ತುರ್ತು ಚಿಕಿತ್ಸೆಗೆ ಬಂದ ಪ್ರಕರಣಗಳು 2004ರಲ್ಲಿ ಸುಮಾರು 1,671 ಇದ್ದದ್ದು 2017ರ ಹೊತ್ತಿಗೆ 4,396ಕ್ಕೆ ಏರಿದ್ದವು ಎಂಬ ಅಂದಾಜು 2019ರಲ್ಲಿ ಪ್ರಕಟವಾಗಿದೆ. ಈ ಮನುಷ್ಯನಿಗೆ ಆ ನಾಯಿಯ ಮೇಲೆ ಅಂಥ ಪ್ರೀತಿಯೂ ಕಾಣಲಿಲ್ಲ. “ಅದು ಅವಳ ನಾಯಿ” ಎನ್ನುತ್ತಿದ್ದರು. ಹೆಸರು ಹಿಡಿದು ಹೇಳುತ್ತಿರಲಿಲ್ಲ. ಸೋಫಾದ ತುಂಬ ಕೂದಲು ಎಂದು ಗೊಣಗುತ್ತಿದ್ದರು. ಭಾರ ಇಳಿಸಿದರೆ ಒಳ್ಳೆಯದೇ ಅಲ್ಲವೇ ಎಂದು ನಾನೂ ಲೆಕ್ಕ ಹಾಕಿದೆ. ಎರಡನೆಯ ಭೇಟಿಯಲ್ಲಿ “ಸ್ವಲ್ಪ ದಿನದ ಮಟ್ಟಿಗೆ ಅಕ್ಕನ ಮನೆಯಲ್ಲಿರಲಿ ಅಂದ್ರೆ ಹೇಗೆ?” ಎಂದು ನಾನೇ ಕೇಳಿದ್ದೇನೆ. ಇದನ್ನು ಇಲ್ಲಿ ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮೂರನೆಯ ಭೇಟಿಗೆ ಅವರು ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಶರ್ಟು ಹಾಕಿ ಬಂದರು. ಬಾಗಿಲ ಹೊರಗೇ ಅಕ್ಕ ನನ್ನನ್ನು ತಡೆದು, “ಒಪ್ಕೊಂಡ ಮೇಡಂ, ಭಾನುವಾರ ನಮ್ಮನೆಗೆ ಬಿಡ್ತಾನೆ” ಎಂದು ಖುಷಿಯಿಂದ ಹೇಳಿದ್ದರು. ಒಳಗೆ ಕೂತು ಹೇಗಿದ್ದೀರಿ ಎಂದೆ.

“ಹಗುರ ಆಗಿದೆ ಮೇಡಂ. ರಾತ್ರಿ ಚೆನ್ನಾಗಿ ನಿದ್ದೆ ಬಂತು.”

ನಿದ್ದೆ ಸುಧಾರಿಸಿದೆ ಎಂದು ಬರೆದುಕೊಂಡೆ.

“ಇನ್ನು ಬಾಕಿ ಏನೂ ಉಳಿದಿಲ್ಲ.”

ಅದನ್ನೂ ಬರೆಯಹೊರಟಿದ್ದೆ. ‘ಬಾಕಿ’ಯ ‘ಬಾ’ ಬರೆದಾಗ ಕೈ ನಿಂತಿತು. ಎರಡು ವರ್ಷದಿಂದ ಸರಿಯಾಗಿ ಊಟ ಮಾಡದ, ಯಾರೊಡನೆಯೂ ಮಾತಾಡದ ಮನುಷ್ಯ ಒಂದೇ ವಾರದಲ್ಲಿ, ಕಾರಣವಿಲ್ಲದೆ, ಇಷ್ಟು ನಿರಾಳವಾಗಿ ಬಂದು ಕೂತರೆ ಅದು ಚೇತರಿಕೆಯೇ ಆಗಿರಬೇಕಿಲ್ಲ. ಸಾಕುಪ್ರಾಣಿಯನ್ನು, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಇನ್ನೊಬ್ಬರಿಗೆ ಒಪ್ಪಿಸುವುದು ಆತ್ಮಹತ್ಯೆಯ ಮುನ್ಸೂಚನೆಗಳಲ್ಲಿ ಒಂದು. ಪಾಠದಲ್ಲಿ ಓದಿದ್ದೆ, ಬೇರೆಯವರಿಗೆ ಪಾಠ ಮಾಡಿಯೂ ಇದ್ದೆ. ಎದುರಿಗೆ ಬಂದಾಗ ಅದು ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿತ್ತು.

ನೇರವಾಗಿ ಕೇಳಿದೆ: “ಸಾಯೋ ಯೋಚನೆ ಬರ್ತಿದೆಯಾ?”

ಹೀಗೆ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ಬಹಳ ಮಂದಿ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎದುರಿಗಿರುವವರಿಗೆ ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಅವರಿಗೂ ಸಿಕ್ಕಿತು, ಆದರೆ ತುಂಬ ಹೊತ್ತಿನ ಮೇಲೆ.

“ಬರ್ತಾನೇ ಇತ್ತು. ಆದರೆ ಬೆಳಿಗ್ಗೆ ಆರಕ್ಕೆ ಅದು ಬಾಗಿಲ ಹತ್ತಿರ ಬಂದು ನಿಲ್ಲುತ್ತಲ್ಲ. ನಾನಿಲ್ಲ ಅಂದ್ರೆ ಬಾಗಿಲು ತೆಗೆಯೋರು ಯಾರು ಅನ್ನೋದೊಂದು ಇತ್ತು. ಈಗ ಅಕ್ಕ ಇದ್ದಾಳೆ.”

ಆ ದಿನ ಅವರನ್ನು ಒಬ್ಬರೇ ಮನೆಗೆ ಕಳಿಸಲಿಲ್ಲ. ಅವರ ಒಪ್ಪಿಗೆ ಪಡೆದು ಅಕ್ಕನನ್ನು ಒಳಗೆ ಕರೆದೆ. ಸಂಜೆಯೊಳಗೆ ಮನೋವೈದ್ಯರ ಭೇಟಿಯಾಯಿತು, ಖಿನ್ನತೆಗೆ ಔಷಧ ಶುರುವಾಯಿತು, ಅಕ್ಕ ಒಂದು ತಿಂಗಳು ತಮ್ಮನ ಮನೆಯಲ್ಲೇ ಉಳಿದರು. ಇಷ್ಟು ಯಾವ ಸಲಹೆಗಾರರೂ ಮಾಡುವ ಕೆಲಸ. ತಕರಾರು ಬಂದದ್ದು ನನ್ನ ಇನ್ನೊಂದು ಮಾತಿಗೆ: ನಾಯಿ ಎಲ್ಲಿಗೂ ಹೋಗಕೂಡದು.

“ನಾನು ಒಳ್ಳೇದಕ್ಕೇ ಅಂದೆ ಮೇಡಂ” ಎಂದು ಅಕ್ಕ ಅತ್ತರು. ನಾನೂ ಒಳ್ಳೆಯದಕ್ಕೇ ಅಂದಿದ್ದೆ. ಇಬ್ಬರೂ ಸೇರಿ ಅವರ ಕೈಯಲ್ಲಿ ಉಳಿದಿದ್ದ ಕೊನೆಯ ಎಳೆಯನ್ನೇ ಭಾರವೆಂದು ಬಿಡಿಸಹೊರಟಿದ್ದೆವು.

ನಾಯಿ ಸಾಕಿದರೆ ಮನಸ್ಸಿಗೆ ಒಳ್ಳೆಯದು ಎಂದಾಗ ಎಲ್ಲರಿಗೂ ನೆನಪಾಗುವುದು ಮುದ್ದು. ಅದು ಸುಳ್ಳಲ್ಲ. ನಾಯಿಯೂ ಅದರ ಒಡೆಯರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರ ಮೈಯಲ್ಲೂ ಬಾಂಧವ್ಯ ಬೆಸೆಯುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಅದು ಕಾಣಲಿಲ್ಲ. ಆದರೆ ಈ ಮನುಷ್ಯ ನಾಯಿಯ ಕಣ್ಣನ್ನು ನೋಡುತ್ತಿದ್ದುದೇ ಕಡಿಮೆ. ಅವರನ್ನು ಹಿಡಿದು ನಿಲ್ಲಿಸಿದ್ದು ಮುದ್ದಲ್ಲ, ಹೊಣೆ. ಬೆಳಿಗ್ಗೆ ಆರು ಗಂಟೆ.

ಖಿನ್ನತೆಯಲ್ಲಿರುವವರು ‘ಮನಸ್ಸು ಬಂದಾಗ ಮಾಡ್ತೀನಿ’ ಎನ್ನುತ್ತಾರೆ. ಆ ಮನಸ್ಸು ಬರುವುದೇ ಇಲ್ಲ, ಅದೇ ಕಾಯಿಲೆ. ಮೊದಲು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ ಎಂಬ ತತ್ತ್ವದ ಮೇಲೆ ಒಂದು ಚಿಕಿತ್ಸಾಕ್ರಮವೇ ನಿಂತಿದೆ. ವಾರಗಟ್ಟಲೆ ಕೂತು, ವೇಳಾಪಟ್ಟಿ ಬರೆಸಿ ನಾವು ಮಾಡಿಸುವ ಕೆಲಸವನ್ನು ನಾಯಿ ಬಾಗಿಲ ಬಳಿ ನಿಂತೇ ಮಾಡಿಸುತ್ತದೆ. ಅದರೊಡನೆ ವಾದ ನಡೆಯುವುದಿಲ್ಲ. ಎದ್ದರೆ ಬೆಳಗಿನ ಬೆಳಕು ಕಣ್ಣಿಗೆ ಬೀಳುತ್ತದೆ, ರಾತ್ರಿಯ ನಿದ್ದೆಗೆ ಅದು ಬೇಕು. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದರೆ, ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಐದೇ ದಿನದಲ್ಲಿ ಮುಗಿಯುತ್ತದೆ. ಜಿಮ್ಮಿಗೆ ಹಣ ಕಟ್ಟಿ ಹೋಗದೇ ಇರಬಹುದು, ನಾಯಿ ಬಿಡುವುದಿಲ್ಲ.

ಒಂಟಿಯಾಗಿರುವವರ ವಿಷಯದಲ್ಲಂತೂ ಅಂಕಿಅಂಶ ಗಮನಾರ್ಹ. ಸ್ವೀಡನ್ನಿನಲ್ಲಿ 40ರಿಂದ 80 ವರ್ಷದ ಸುಮಾರು 34 ಲಕ್ಷ ಜನರ ದಾಖಲೆಗಳನ್ನು 12 ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಬಂತು. ಒಬ್ಬರೇ ವಾಸಿಸುವವರಲ್ಲಿ ನಾಯಿಯಿದ್ದವರ ಸಾವಿನ ಅಪಾಯ ನಾಯಿಯಿಲ್ಲದವರಿಗಿಂತ ಶೇ. 33ರಷ್ಟು ಕಡಿಮೆಯಿತ್ತು. ನಾಯಿಯೇ ಕಾಪಾಡಿತು ಎಂದು ಇದರಿಂದ ಸಾಬೀತಾಗುವುದಿಲ್ಲ; ಗಟ್ಟಿಯಾಗಿ ಓಡಾಡಿಕೊಂಡಿರುವವರೇ ನಾಯಿ ಸಾಕುತ್ತಾರೆ ಎಂದೂ ಇರಬಹುದು. ಅಮೆರಿಕದ ಹೃದಯ ಸಂಘ 2013ರ ತನ್ನ ಹೇಳಿಕೆಯಲ್ಲಿ ನಾಯಿ ಸಾಕುವುದಕ್ಕೂ ಹೃದ್ರೋಗದ ಅಪಾಯ ತಗ್ಗುವುದಕ್ಕೂ ಬಹುಶಃ ಸಂಬಂಧವಿದೆ ಎಂದು ಒಪ್ಪಿ, ಅದೇ ಉಸಿರಿನಲ್ಲಿ, ಹೃದಯಕ್ಕೆ ಒಳ್ಳೆಯದೆಂಬ ಮುಖ್ಯ ಉದ್ದೇಶದಿಂದ ಪ್ರಾಣಿ ತರಬೇಡಿ ಎಂದಿತು. ಈ ಎರಡನೆಯ ವಾಕ್ಯವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನನ್ನ ಬಳಿ ಬರುವ ಬಹುಪಾಲು ಮನೆಯವರ ಪ್ರಶ್ನೆ ಇದರ ತಲೆಕೆಳಗು: “ಅಮ್ಮನಿಗೆ ಬೇಜಾರು, ಒಂದು ಮರಿ ತಂದುಕೊಡೋಣ್ವಾ?” ನನ್ನ ಉತ್ತರ ಸಾಮಾನ್ಯವಾಗಿ ಬೇಡ ಎಂದೇ. ಹಾಸಿಗೆ ಬಿಟ್ಟು ಏಳಲಾಗದವರ ಮಡಿಲಿಗೆ ಮರಿ ಹಾಕಿದರೆ ಉಚ್ಚೆ ಒರೆಸುವುದು, ಲಸಿಕೆ, ಕಚ್ಚಾಟ, ರಾತ್ರಿಯ ಅಳು ಎಲ್ಲ ಸೇರಿ ‘ಇದನ್ನೂ ನನ್ನ ಕೈಯಲ್ಲಿ ನೋಡಿಕೊಳ್ಳಲಾಗಲಿಲ್ಲ’ ಎಂಬ ಇನ್ನೊಂದು ಸೋಲು ಸೇರುತ್ತದೆ. ಕೊನೆಗೆ ಬೀದಿಗೆ ಬೀಳುವುದು ನಾಯಿ. ಅಷ್ಟು ಆಸೆಯಿದ್ದರೆ ಪರಿಚಯದವರ ನಾಯಿಯನ್ನು ಎರಡು ತಿಂಗಳು ವಾಕಿಂಗ್‌ಗೆ ಕರೆದೊಯ್ಯಲಿ ಎನ್ನುತ್ತೇನೆ. ನಡಿಗೆಯ ಲಾಭ ಅದರಲ್ಲೇ ಸಿಗುತ್ತದೆ.

ಹಾಗಾದರೆ ಇವರಿಗೆ ಮಾತ್ರ ಯಾಕೆ ಇಟ್ಟುಕೊಳ್ಳಿ ಎಂದಿರಿ? ಸಹೋದ್ಯೋಗಿಯೊಬ್ಬರು ಇನ್ನೂ ಖಾರವಾಗಿ ಕೇಳಿದರು: “ಹತ್ತು ದಾಟಿದ ನಾಯಿ. ಲ್ಯಾಬ್ರಡಾರ್ ಬದುಕೋದೇ ಹನ್ನೆರಡು ವರ್ಷದ ಆಸುಪಾಸು. ಅದರ ಆಯುಸ್ಸಿಗೆ ಮನುಷ್ಯನ ಜೀವ ಕಟ್ತೀರಾ?” ರಾತ್ರಿ ನನಗೆ ನಿದ್ದೆ ಕೆಡಿಸಿದ ಪ್ರಶ್ನೆಯೂ ಅದೇ. ನನ್ನ ಉತ್ತರ ಇಷ್ಟೇ: ಕಟ್ಟಿದ್ದು ನಾನಲ್ಲ. ನಾನು ನೋಡುವಾಗಲೇ ಆ ಗಂಟು ಬಿದ್ದಿತ್ತು. ಬೇರೆ ಹಗ್ಗ ಕಟ್ಟುವ ಮೊದಲು ಇರುವ ಹಗ್ಗ ಕತ್ತರಿಸುವುದು ಬುದ್ಧಿವಂತಿಕೆಯಲ್ಲ.

ಆದ್ದರಿಂದ ಉಳಿದ ಸಲಹೆಯೆಲ್ಲ ಬೇರೆ ಹಗ್ಗಗಳ ಬಗ್ಗೆ. ಬಿ.ಪಿ. ಮಾತ್ರೆ ಮತ್ತು ಹೊಸ ಔಷಧ ಚೈನು ತೂಗುಹಾಕುವ ಮೊಳೆಯ ಪಕ್ಕದಲ್ಲೇ ಇರಬೇಕು. ಅದರ ಊಟ ಆದಮೇಲೆ ಇವರ ಮಾತ್ರೆ. ಚೈನನ್ನು ಕೈಗೆ ಸುತ್ತಿಕೊಳ್ಳುವಂತಿಲ್ಲ, ಕುತ್ತಿಗೆಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್, ಕಾಲಿಗೆ ಚಪ್ಪಲಿಯಲ್ಲ, ಶೂ. ದಾರಿ ಬದಲಾಗಬೇಕು. ಅವರು ಜನರಿಲ್ಲದ ಹಿಂದಿನ ರಸ್ತೆ ಹಿಡಿಯುತ್ತಿದ್ದರು. ಜನ ಓಡಾಡುವ ಉದ್ಯಾನದ ಕಡೆ ಹೋಗಿ ಎಂದೆ. ಅಲ್ಲಿ ಯಾರೂ ‘ಹೇಗಿದ್ದೀರಿ’ ಎಂದು ಮುಖ ನೋಡಿ ಮರುಕಪಡುವುದಿಲ್ಲ, ‘ಇದಕ್ಕೆಷ್ಟು ವಯಸ್ಸು’ ಎನ್ನುತ್ತಾರೆ. ದುಃಖದಲ್ಲಿರುವವರು ಎರಡನೆಯ ಪ್ರಶ್ನೆಗೆ ಸಲೀಸಾಗಿ ಉತ್ತರಿಸಬಲ್ಲರು.

ನಾಯಿಯ ಸಾವಿನ ಮಾತನ್ನು ಐದು ತಿಂಗಳ ನಂತರ, ಅಕ್ಕನ ಎದುರಿಗೇ ಎತ್ತಿದೆ. ಅಷ್ಟರಲ್ಲಿ ಔಷಧ ಹಿಡಿದಿತ್ತು, ಊಟ ಸರಿಯಾಗಿತ್ತು. ಅದು ಸತ್ತ ದಿನ ಯಾರಿಗೆ ಫೋನ್ ಮಾಡುತ್ತೀರಿ, ಆ ವಾರ ಯಾರ ಮನೆಯಲ್ಲಿರುತ್ತೀರಿ ಎಂದು ಬರೆಸಿದೆ. ‘ಒಂದು ನಾಯಿಗೆ ಇಷ್ಟೊಂದಾ’ ಎಂದು ಯಾರಾದರೂ ಅಂದರೆ ಅಕ್ಕ ಅವರ ಬಾಯಿ ಮುಚ್ಚಿಸಬೇಕು ಎಂಬ ಷರತ್ತನ್ನು ಅಕ್ಕನೇ ಸೇರಿಸಿದರು.

ನಾಯಿಗೆ ಈಗ ಹಿಂಗಾಲಿನ ಕೀಲುನೋವು. ಉದ್ಯಾನದ ಮೂಲೆಯವರೆಗೆ ಬಂದು ಕೂತುಬಿಡುತ್ತದೆ. ಹೋದ ತಿಂಗಳು ಬಂದಾಗ ಇವರೇ ಹೇಳಿದರು:

“ಅದನ್ನ ಮನೇಲಿ ಬಿಟ್ಟು ಮತ್ತೆ ಹೊರಡ್ತೀನಿ ಮೇಡಂ. ಅಲ್ಲಿ ನಾಲ್ಕು ಜನ ಕಾಯ್ತಿರ್ತಾರೆ. ಮೊದಲ ದಿನ ಖಾಲಿ ಚೈನು ಕೈಯಲ್ಲೇ ಇತ್ತು, ಅವರು ನಕ್ಕಾಗಲೇ ಗೊತ್ತಾಗಿದ್ದು.”

ಯಾರ ನಾಯಿ ಅಂತ ಅವರು ಕೇಳಿದ್ರೆ ಏನಂತೀರಿ ಎಂದೆ.

“ಅವಳ ನಾಯಿ ಅಂತಲೇ ಹೇಳೋದು” ಎಂದರು. “ನಾನು ನೋಡ್ಕೋತಿದೀನಿ ಅಷ್ಟೆ.”