ಹಳೆಯ ಕಾರಿನ ಒರಿಜಿನಲ್ ಸ್ಟೀರಿಂಗ್ ವೀಲ್ ಬಿರುಕು ಬಿಟ್ಟಿದೆ. ಮನೆಯಲ್ಲೇ ಸರಿ ಮಾಡಬಹುದಾ, ಹೊಸದು ಹಾಕಿಸಲಾ?

ಮನೆಯಲ್ಲೇ ಮಾಡಬಹುದು. ಹೊಸದು ಹಾಕಿಸಬೇಡಿ, ಕೊನೇ ಪಕ್ಷ ಈಗಲೇ ಬೇಡ.

ನೀವು ಬರೆದ ಪ್ರಕಾರ ನಿಮ್ಮದು 1950ರ ದಶಕದ ಕಾರು. ರಿಮ್ ಗಟ್ಟಿ ಪ್ಲಾಸ್ಟಿಕ್ಕಿನದು. ಸ್ಪೋಕ್ ಬಂದು ಸೇರುವ ಕಡೆಯೆಲ್ಲ ಬಿರುಕು. ಹಿಂದಿನ ಮಾಲೀಕರು ಪುಟ್ಟಿ ತುಂಬಿ ಪೇಂಟ್ ಹೊಡೆಸಿದ್ದರು, ಅದು ಮತ್ತೆ ಬಾಯಿ ಬಿಟ್ಟಿದೆ. ಹೀಗೇ ಆಗಿರುವ ವೀಲ್‌ಗಳನ್ನು ನಾನು ಬಿಡುವಿದ್ದಾಗ ಸರಿ ಮಾಡುತ್ತಿರುತ್ತೇನೆ. ಅವು ಮತ್ತೆ ಯಾಕೆ ಒಡೆಯುತ್ತವೆ ಅನ್ನುವುದು ಮೊದಲು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ರಿಮ್ಮಿನ ಒಳಗೆ ಸ್ಟೀಲ್ ಚೌಕಟ್ಟು ಇರುತ್ತದೆ. ಅದರ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಪ್ಲಾಸ್ಟಿಕ್ ಮೆತ್ತಗಿರಲಿ ಎಂದು ಸೇರಿಸಿದ ರಾಸಾಯನಿಕ ಬಿಸಿಲಿಗೆ, ವಯಸ್ಸಿಗೆ ನಿಧಾನವಾಗಿ ಹಾರಿಹೋಗುತ್ತದೆ. ಪ್ಲಾಸ್ಟಿಕ್ ಕುಗ್ಗುತ್ತದೆ. ಸ್ಟೀಲ್ ಕುಗ್ಗುವುದಿಲ್ಲ. ಆಗ ಪ್ಲಾಸ್ಟಿಕ್ ಎಲ್ಲಿ ಜಾಸ್ತಿ ಬಿಗಿಯಾಗಿ ಕಟ್ಟಿಕೊಂಡಿದೆಯೋ ಅಲ್ಲೇ ಹರಿಯುತ್ತದೆ, ಅಂದರೆ ಸ್ಪೋಕ್ ಸೇರುವ ಕಡೆ. ಆ ಬಿರುಕಿನಲ್ಲಿ ಬೆವರು, ತೇವ ಇಳಿದು ಒಳಗಿನ ಸ್ಟೀಲ್ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಪ್ಲಾಸ್ಟಿಕ್ಕನ್ನು ಒಳಗಿಂದ ತಳ್ಳುತ್ತದೆ. ಮೇಲೆ ಪುಟ್ಟಿ ಬಳಿದರೆ ಇದ್ಯಾವುದೂ ನಿಲ್ಲುವುದಿಲ್ಲ ಅಲ್ವಾ? ಅದಕ್ಕೇ ಪ್ರತಿ ಬಿರುಕನ್ನೂ ಸ್ಟೀಲ್ ಕಾಣುವ ತನಕ ಬಿಡಿಸಲೇಬೇಕು. ಕೂದಲೆಳೆಯಂಥದ್ದನ್ನೂ ಬಿಡಬಾರದು. ಇವತ್ತು ಬಿಟ್ಟದ್ದು ನಾಳೆ ಹೊಸ ಪೇಂಟಿನ ಮೇಲೆ ಗೆರೆಯಾಗಿ ಬರುತ್ತದೆ.

ಕೆಲಸಕ್ಕೆ ಇಳಿಯುವ ಮುಂಚೆ ರಿಮ್ ಮೂಸಿ ನೋಡಿ. ತಮಾಷೆಯಲ್ಲ. ಆ ಕಾಲದ ಎಷ್ಟೋ ವೀಲ್‌ಗಳು ಸೆಲ್ಯುಲೋಸ್ ಅಸಿಟೇಟ್ ಜಾತಿಯ ಪ್ಲಾಸ್ಟಿಕ್ಕಿನವು. ಅದು ಹಾಳಾಗುವಾಗ ವಿನೆಗರ್ ವಾಸನೆ ಬರುತ್ತದೆ. ಅದರಲ್ಲೇ ಬ್ಯುಟಿರೇಟ್ ಬೆರೆತ ಜಾತಿಯಾಗಿದ್ದರೆ ಕೆಟ್ಟ ಬೆಣ್ಣೆಯ ವಾಸನೆ. ಸ್ವಲ್ಪ ವಾಸನೆಗೆ ಹೆದರಬೇಡಿ. ಆದರೆ ಘಾಟು ಮೂಗಿಗೆ ಹೊಡೆಯುತ್ತಿದ್ದು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿದ್ದರೆ ಪುಟ್ಟಿಯ ಕಾಲ ಮುಗಿದಿದೆ. ಒಳಗಿಂದ ಆಮ್ಲ ಬರುತ್ತಲೇ ಇರುತ್ತದೆ, ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ಆಗ ಹಳೆಯ ಚೌಕಟ್ಟನ್ನೇ ಇಟ್ಟುಕೊಂಡು ಮೇಲೆ ಹೊಸದಾಗಿ ಎರಕ ಹೊಯ್ಯುವವರಿಗೆ ಕೊಡುವುದು ಸರಿ. ಮುತ್ತಿನ ಹೊಳಪಿನ ಅಥವಾ ಬೆಳಕು ತೂರುವಂಥ ಬಣ್ಣದ ರಿಮ್ ಇದ್ದರೂ ಅಷ್ಟೇ, ಪೇಂಟ್‌ನಿಂದ ಆ ಆಳ ಬರುವುದಿಲ್ಲ. 1930ರ, 40ರ ದಶಕದ ಕಪ್ಪು ಗಟ್ಟಿ ರಬ್ಬರಿನ ವೀಲ್ ಬೇರೆ. ಅದು ಬಿಸಿಲಿಗೆ ಕಂದು ತಿರುಗುತ್ತದೆ, ಉಜ್ಜಿದರೆ ಗಂಧಕದ ವಾಸನೆ. ಅದನ್ನೂ ಇದೇ ರೀತಿ ರಿಪೇರಿ ಮಾಡಬಹುದು.

ಬಿಚ್ಚುವಾಗ ಬ್ಯಾಟರಿಯಿಂದ ಕಾರಿನ ಬಾಡಿಗೆ ಹೋಗುವ ಅರ್ಥ್ ವೈರ್ ಮೊದಲು ತೆಗೆಯಿರಿ, ಇಲ್ಲವಾದರೆ ಹಾರ್ನ್ ಕೂಗಿ ಬೀದಿಯೆಲ್ಲ ಏಳುತ್ತದೆ. ಮುಂದಿನ ಚಕ್ರ ನೇರ ಇರಲಿ. ಹಾರ್ನ್ ಬಟನ್, ಸ್ಪ್ರಿಂಗ್, ವಾಷರ್ ಯಾವ ಕ್ರಮದಲ್ಲಿ ಬಂತು ಅಂತ ಫೋಟೋ ತೆಗೆದುಕೊಳ್ಳಿ. ನಡುವಿನ ಶಾಫ್ಟಿಗೂ ಅದರ ಮೇಲೆ ಕೂರುವ ಹಬ್ಬಿಗೂ (ವೀಲಿನ ನಡುಭಾಗ) ಸೇರುವ ಹಾಗೆ ಒಂದು ಗುರುತು ಹಾಕಿ. ಶಾಫ್ಟಿನ ತುದಿಯ ನಟ್ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಕೆಲವು ಸುತ್ತು ಹಾಗೇ ಇರಲಿ. ವೀಲ್ ಥಟ್ಟನೆ ಕಿತ್ತು ಬಂದರೆ ಆ ನಟ್ ನಿಮ್ಮ ಮುಖ ಉಳಿಸುತ್ತದೆ. ಪುಲ್ಲರ್, ಅಂದರೆ ವೀಲನ್ನು ಎಳೆದು ಬಿಡಿಸುವ ಟೂಲ್, ಹಬ್ಬಿಗೆ ಹಿಡಿಯಬೇಕು, ರಿಮ್ಮಿಗಲ್ಲ. ಸುತ್ತಿಗೆ ಮಾತ್ರ ಬೇಡ. ಸ್ಟೀರಿಂಗ್ ಬಾಕ್ಸಿಗೂ ಬೇರಿಂಗ್‌ಗೂ ಆ ಏಟು ಹೋಗುತ್ತದೆ. ಇನ್ನೂ ಹೊಸ ಕಾರುಗಳಲ್ಲಿ ಅದು ಅಪಾಯವೇ: ಅಮೆರಿಕದ ಜನರಲ್ ಮೋಟರ್ಸ್ 1967ರ ಮಾಡೆಲ್‌ಗಳಿಂದ ಅಪಘಾತದಲ್ಲಿ ಕುಗ್ಗುವ ಕಾಲಂ (ಸ್ಟೀರಿಂಗ್ ಶಾಫ್ಟ್ ಇರುವ ಕಂಬ) ಹಾಕತೊಡಗಿತು. ಅಂಥ ಕಾಲಂ ಒಳಗಿನ ಪ್ಲಾಸ್ಟಿಕ್ ಪಿನ್‌ಗಳು ಸುತ್ತಿಗೆ ಏಟಿಗೇ ಮುರಿಯುತ್ತವೆ.

ಕೈಗೆ ಬಂದ ವೀಲನ್ನು ಮೊದಲು ಪಾತ್ರೆ ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಎಷ್ಟೋ ವರ್ಷದ ಕೈಜಿಡ್ಡು, ಸಿಲಿಕೋನ್ ಪಾಲಿಶ್ ಅಲ್ಲಿ ಕೂತಿರುತ್ತದೆ. ತೊಳೆಯದೆ ಉಜ್ಜಿದರೆ ಅದೆಲ್ಲ ಒಳಗೆ ಹೋಗಿ, ಆಮೇಲೆ ಪೇಂಟ್ ಅಲ್ಲಲ್ಲಿ ಗುಂಡಗೆ ಹಿಂದೆ ಸರಿಯುತ್ತದೆ. ಅಸಿಟೋನ್, ಥಿನ್ನರ್ ಹಚ್ಚಬೇಡಿ, ಈ ಪ್ಲಾಸ್ಟಿಕ್ ಕರಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು, ಅದನ್ನೂ ಹಿಂಭಾಗದಲ್ಲಿ ಒಂದು ಕಡೆ ಪರೀಕ್ಷಿಸಿ.

ಈಗ ಬಿರುಕು ಬಿಡಿಸುವುದು. ಹ್ಯಾಕ್ಸಾ ಬ್ಲೇಡ್ ಮತ್ತು ಮೂರು ಮೂಲೆಯ ಅರ ಇದ್ದರೆ ಆಯಿತು. ಸಣ್ಣ ರೋಟರಿ ಟೂಲ್ ಇದ್ದರೆ ಬೇಗ ಆಗುತ್ತದೆ, ಆದರೆ ಸ್ಪೀಡ್ ಜಾಸ್ತಿಯಾದರೆ ಪ್ಲಾಸ್ಟಿಕ್ ಬಿಸಿಯಾಗಿ ಅಂಟಂಟಾಗುತ್ತದೆ. ಮೇಲೆ 4–5 ಮಿಲಿಮೀಟರ್ ಅಗಲ, ಕೆಳಗೆ ಕಿರಿದಾಗುತ್ತಾ ಸ್ಟೀಲ್ ತನಕ. ಹಳೆಯ ಪುಟ್ಟಿ ಒಂದು ಚೂರೂ ಉಳಿಯಬಾರದು. ತುಕ್ಕನ್ನು ಸಣ್ಣ ವೈರ್ ಬ್ರಷ್‌ನಿಂದ ತೆಗೆದು ಚೌಕಟ್ಟನ್ನು ನಿಧಾನವಾಗಿ ನೋಡಿ. ಸ್ಟೀಲ್ ತಿಂದುಹೋಗಿದ್ದರೆ, ಬಾಗಿದ್ದರೆ, ಸ್ಪೋಕಿನ ಬೆಸುಗೆ ಬಿಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. ಪುಟ್ಟಿ ಭಾರ ಹೊರುವುದಿಲ್ಲ. ಅದು ಬೆಸುಗೆ ಬಲ್ಲವರ ಕೆಲಸ, ಅವರೂ ಆಗದು ಅಂದರೆ ಬೇರೆ ವೀಲ್ ಹುಡುಕಿ.

ತುಂಬಲು ಎಪಾಕ್ಸಿಯೇ ಬೇಕು. ಬಾಡಿ ಶಾಪ್‌ನಲ್ಲಿ ತಗಡಿಗೆ ಹಚ್ಚುವ ಪಾಲಿಯೆಸ್ಟರ್ ಪುಟ್ಟಿ ಈ ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯುವುದಿಲ್ಲ. ನಿಮ್ಮ ವೀಲ್‌ನಲ್ಲಿ ಹಿಂದೆ ಹಾಕಿದ್ದು ಅದೇ ಇರಬೇಕು ಅನ್ನುವುದು ನನ್ನ ಊಹೆ. ಎರಡು ಭಾಗ ಕಲಸುವ ಗಟ್ಟಿ ಎಪಾಕ್ಸಿ ಪೇಸ್ಟ್ ತಗೊಳ್ಳಿ. ತಳಕ್ಕೆ ಒತ್ತಿ ತುಂಬಿ, ಗಾಳಿ ಉಳಿಯದಿರಲಿ. ಆಳದ ಕಡೆ ಎರಡು ಸಲಕ್ಕೆ ತುಂಬಿ. ಮಟ್ಟಕ್ಕಿಂತ ಸ್ವಲ್ಪ ಮೇಲೆ ಬರಲಿ, ಉಜ್ಜುವಾಗ ಇಳಿಯುತ್ತದೆ. 24 ಗಂಟೆ ಮುಟ್ಟಬೇಡಿ, ಚಳಿಯಿದ್ದರೆ ಇನ್ನೂ ಹೆಚ್ಚು ಬಿಡಿ.

ಉಜ್ಜುವುದೇ ಅತಿ ದೊಡ್ಡ ಕೆಲಸ. ಎಪಾಕ್ಸಿ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಬೆರಳಲ್ಲಿ ಒತ್ತಿ ಉಜ್ಜಿದರೆ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ಪುಟ್ಟಿ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಮೊದಲು ಅರದಿಂದ ಮಟ್ಟಕ್ಕೆ ತನ್ನಿ. ಆಮೇಲೆ ಬಟ್ಟೆ ಬೆನ್ನಿನ ಎಮರಿಯ ಪಟ್ಟಿ ಹರಿದು, ಎರಡೂ ತುದಿ ಹಿಡಿದು, ಬೂಟಿಗೆ ಪಾಲಿಶ್ ಎಳೆಯುವ ಹಾಗೆ ರಿಮ್ ಸುತ್ತ ಎಳೆಯಿರಿ. 80 ನಂಬರಿನ ಒರಟು ಪಟ್ಟಿಯಿಂದ ಶುರು ಮಾಡಿ 180, ಆಮೇಲೆ ನುಣುಪಾದ 320. ಹಿಂಭಾಗದಲ್ಲಿ ಬೆರಳು ಕೂರಲು ಇರುವ ಅಚ್ಚುಗಳಿಗೆ, ಆ ಅಳತೆಯ ರಬ್ಬರ್ ಪೈಪಿನ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿಕೊಳ್ಳಿ. ಹೊಸದಾಗಿ ತುಂಬಿದ ಕಡೆ ಅಚ್ಚು ಕೆತ್ತಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ಧೂಳು ಕುಡಿಯಬೇಡಿ, ಮಾಸ್ಕ್ ಹಾಕಿ, ನೀರು ಹಚ್ಚಿ ಉಜ್ಜಿ. ಬೇಕಲೈಟ್ ರೀತಿಯ ಹಳೆಯ ಗಟ್ಟಿ ಪ್ಲಾಸ್ಟಿಕ್ ಎರಕಗಳಲ್ಲಿ ಕೆಲವಕ್ಕೆ ಶ್ವಾಸಕೋಶ ಹಾಳುಮಾಡುವ ಆಸ್ಬೆಸ್ಟಾಸ್ ಸೇರಿಸುತ್ತಿದ್ದರು.

ಸರಿಯಾಯಿತಾ ಅಂತ ನೋಡಲು ಕಣ್ಣು ನಂಬಬೇಡಿ. ಕಣ್ಣು ಮುಚ್ಚಿ ಕೈ ಆಡಿಸಿ. ಇದು ದಿನಾ ಕೈಯಲ್ಲಿ ಹಿಡಿಯುವ ವಸ್ತು, ಒಂದು ಚಿಕ್ಕ ಏರೂ ಅಂಗೈಗೆ ಗೊತ್ತಾಗುತ್ತದೆ.

ಆಮೇಲೆ ಎಪಾಕ್ಸಿ ಪ್ರೈಮರ್. ಅದು ಹೊಡೆದ ಕೂಡಲೇ ಬಿಟ್ಟುಹೋದ ಗುಳಿಗಳೆಲ್ಲ ಎದ್ದು ಕಾಣುತ್ತವೆ. ಬೇಜಾರಾಗಬೇಡಿ, ಎಲ್ಲರಿಗೂ ಹೀಗೇ. ತುಂಬಿ, ಉಜ್ಜಿ, ಮತ್ತೆ ಪ್ರೈಮರ್. ಕೊನೆಗೆ 600ರಲ್ಲಿ ಉಜ್ಜಿ ಪೇಂಟಿಗೆ ಕೊಡಿ. ಕೊಡಿ ಅಂದದ್ದು ಬೇಕೆಂದೇ. ಕೈ ಸವೆತ ತಡೆಯುವುದು ಹಾರ್ಡ್ನರ್ ಬೆರೆಸುವ ಎರಡು ಭಾಗದ ಯುರೆಥೇನ್ ಪೇಂಟ್. ಅದರಲ್ಲಿ ಉಸಿರಾಟಕ್ಕೆ ಅಪಾಯವಾದ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಸಾಮಾನ್ಯ ಮಾಸ್ಕಿಗೆ ಅದು ನಿಲ್ಲುವುದಿಲ್ಲ. ಸರಿಯಾದ ಬೂತ್ ಇರುವ ಪೇಂಟರ್ ಹೊಡೆಯಲಿ. ಹಬ್ಬಿನ ಹಲ್ಲುಗಳಿಗೆ ಮತ್ತು ಹಾರ್ನ್ ತಾಕುವ ಹಿತ್ತಾಳೆ ಉಂಗುರಕ್ಕೆ ಟೇಪ್ ಹಚ್ಚಿಯೇ ಕೊಡಿ. ಬಣ್ಣ ಬಿದ್ದರೆ ಹಾರ್ನ್ ಕೂಗುವುದಿಲ್ಲ. ಮೂಲ ಬಣ್ಣ ಬೇಕಾದರೆ ಹಾರ್ನ್ ಬಟನ್ ಕೆಳಗೆ, ಬಿಸಿಲು ಬೀಳದ ಜಾಗ ನೋಡಿ. ನೀವು ದಂತದ ಬಣ್ಣ ಅಂದುಕೊಂಡದ್ದು ಅಲ್ಲಿ ಹೆಚ್ಚುಕಮ್ಮಿ ಬಿಳಿಯೇ ಇರಬಹುದು.

ಹಾರ್ನ್ ರಿಂಗ್ (ಒತ್ತಿದರೆ ಹಾರ್ನ್ ಕೂಗುವ ಬಳೆ) ಗುಳಿ ಬಿದ್ದಿದೆ ಅಂದಿರಿ. ಅದು ಸತುವಿನ ಎರಕ ಆಗಿದ್ದರೆ ಸುಮ್ನೆ ಕ್ರೋಮ್ ಹಾಕಿಸಿದರೆ ಗುಳಿ ಹಾಗೇ ಉಳಿಯುತ್ತದೆ. ಮೊದಲು ಗುಳಿ ತೆರೆದು ತಾಮ್ರ ತುಂಬಿ ಪಾಲಿಶ್ ಮಾಡುವ ಪ್ಲೇಟಿಂಗ್‌ನವರು ಬೇಕು. ರಿಮ್ಮಿಗಿಂತ ಇದೇ ದುಬಾರಿ ಬೀಳಬಹುದು. ನಾನಾದರೆ ಗುಳಿ ಚಿಕ್ಕವಿದ್ದರೆ ಹಾಗೇ ಬಿಡುತ್ತೇನೆ.

ಪೇಂಟ್ ಒಣಗಿದರೂ ಒಂದು ವಾರ ಪಕ್ಕಕ್ಕಿಡಿ, ಮೆತ್ತಗಿರುವಾಗ ಹಿಡಿದರೆ ಬೆರಳಚ್ಚು ಕೂರುತ್ತದೆ. ಜೋಡಿಸುವಾಗ ಗುರುತು ಸೇರಿಸಿ, ನಟ್ಟನ್ನು ನಿಮ್ಮ ಕಾರಿನ ಮ್ಯಾನುಯಲ್ ಹೇಳುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿ ಮಾಡಿ. ಲಾಕ್ ವಾಷರ್ ಇತ್ತಾದರೆ ಅದನ್ನು ಮರೆಯಬೇಡಿ. ನಿಂತಲ್ಲೇ ಎರಡೂ ಕಡೆ ಪೂರ್ತಿ ತಿರುಗಿಸಿ. ತಿರುಗಿಸುವಾಗ ಹಾರ್ನ್ ತಾನಾಗಿ ಕೂಗಿದರೆ ಒಳಗೆ ವೈರ್ ಎಲ್ಲೋ ಮೈಗೆ ತಾಕುತ್ತಿದೆ, ಮತ್ತೆ ಬಿಚ್ಚಿ ನೋಡಿ. ಮೊದಲ ಓಡಾಟ ಮುಗಿಸಿ ಬಂದ ಮೇಲೆ ನಟ್ ಇನ್ನೊಮ್ಮೆ ಪರೀಕ್ಷಿಸಿ.