ದುಃಖದಲ್ಲಿ ಯಾರಾದರೂ ಹಾಡುತ್ತಾರಾ?

ನೀವು ಎರಡು ವಿಷಯ ಕೇಳಿದ್ದೀರಿ. ಸಿನಿಮಾದಲ್ಲೋ ನಾಟಕದಲ್ಲೋ ದುಃಖದಲ್ಲಿರುವ ಪಾತ್ರ ಹಾಡು ಶುರು ಮಾಡಿದರೆ ನಿಮಗೆ ನಗು ಬರುತ್ತದೆ, ಬೇರೆಯವರಿಗೂ ಹಾಗೇ ಆಗುತ್ತದಾ? ಮತ್ತೆ, ನಿಜವಾಗಿ ಕಣ್ಣಲ್ಲಿ ನೀರು ತರಿಸುವಂಥದ್ದು ಏನು ನೋಡಬಹುದು?

ಮೊದಲನೆಯದಕ್ಕೆ ಉತ್ತರ ಹೇಳಲು ನಾನು ಸರಿಯಾದ ಜನ ಹೌದೋ ಅಲ್ಲವೋ ಗೊತ್ತಿಲ್ಲ. ನಮ್ಮದು ಹೊನ್ನಾವರ ಕಡೆ. ನಮ್ಮಲ್ಲಿ ದುಃಖ ಬಂದರೆ ಹಾಡಲೇಬೇಕು. ಆಟದಲ್ಲಿ ರಾಜ್ಯ ಹೋದರೂ ಪದ್ಯ, ಹೆಂಡತಿಯನ್ನು ಮಾರಿದರೂ ಪದ್ಯ, ಮಗ ಸತ್ತರೂ ಪದ್ಯ. (ಆಟ ಅಂದರೆ ಯಕ್ಷಗಾನ. ಆ ದೊಡ್ಡ ಹೆಸರನ್ನು ನಾವು ಹೆಚ್ಚಾಗಿ ಹ್ಯಾಂಡ್‌ಬಿಲ್ಲಿಗೆ ಬಿಟ್ಟುಕೊಟ್ಟಿದ್ದೇವೆ.) ಇದನ್ನೇ ನೋಡುತ್ತಾ ಬೆಳೆದವನಿಗೆ, ಹಾಡದೆ ಸುಮ್ನೆ ಗೋಡೆಗೆ ತಲೆ ಆನಿಸಿ ಬಿಕ್ಕುವ ಪಾತ್ರವೇ ಒಂಥರಾ ಕಾಣುತ್ತದೆ.

ಆದರೂ ನಿಮ್ಮ ನಗುವಿಗೆ ಕಾರಣ ಇದೆ ಅನ್ನಿಸುತ್ತದೆ. ಆಟದಲ್ಲಿ ನೋವು ಅನುಭವಿಸುವವನು ಹಾಡುವುದಿಲ್ಲ. ಹಾಡುವುದು ಹಿಂದೆ ಕೂತ ಭಾಗವತರು. ಕರುಣೆಯ ಪದ್ಯ ಬಂತು ಅಂದರೆ ಚಂಡೆ ಸುಮ್ಮನಾಗುತ್ತದೆ, ಮದ್ದಲೆ ಮೆಲ್ಲಗೆ ನುಡಿಯುತ್ತದೆ, ಭಾಗವತರು ನೀಲಾಂಬರಿ ರಾಗ ಎತ್ತುತ್ತಾರೆ. ವೇಷಧಾರಿಗೆ ಆಗ ಮುಖ, ಕಣ್ಣು, ಕೈ ಇಷ್ಟೇ ಕೆಲಸ. ಪದ್ಯ ಮುಗಿದ ಮೇಲೆ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳುತ್ತಾನೆ. ಬಾಯಿಪಾಠದ ಮಾತಲ್ಲ ಅದು, ಅವತ್ತಿಗೆ ಹೊಳೆದದ್ದು. ಹೀಗೆ ಒಂದು ದುಃಖವನ್ನು ಇಬ್ಬರು ಹೊರುತ್ತಾರೆ. ಪಾತ್ರಕ್ಕೆ ಬಾಯಿಬಿಡಲೂ ಆಗದ ಹೊತ್ತಿನಲ್ಲಿ ಅವನ ಪರವಾಗಿ ಇನ್ನೊಬ್ಬರು ಹಾಡುತ್ತಾರೆ. ಪಾಶ್ಚಾತ್ಯರ ಸಂಗೀತ ನಾಟಕದಲ್ಲಿ ಎರಡೂ ಒಬ್ಬನ ಮೇಲೆಯೇ. ಅಳಬೇಕಾದವನೇ ಶ್ರುತಿಯನ್ನೂ ನೋಡಿಕೊಳ್ಳಬೇಕು. ಕಷ್ಟ ಅಲ್ವಾ?

ನಮ್ಮನೆಯಲ್ಲಿ ‘ಲೆ ಮಿಸರಾಬ್ಲ್’ ಹಾಕಿದಾಗ ಅಪ್ಪಯ್ಯ ಐದು ನಿಮಿಷ ನೋಡಿ ಕೇಳಿದ್ದೂ ಅದನ್ನೇ: “ಇದಕ್ಕೆ ಭಾಗವತ್ರು ಇಲ್ಯ?” ಆಯಿ ಒಳಗಿಂದ, “ಅವರಿಗೆ ಸಂಬಳ ಕೊಡಲೆ ಆಗ್ತಿಲ್ಲೆ ಕಾಣ್ತು” ಅಂದರು.

ಅದು 2012ರ ಸಿನಿಮಾ, ಟಾಮ್ ಹೂಪರ್ ನಿರ್ದೇಶನ. ವಿಕ್ಟರ್ ಹ್ಯೂಗೋ 1862ರಲ್ಲಿ ಹೊರತಂದ ಕಾದಂಬರಿಯ ಕಥೆ. ಅದನ್ನು ಹಾಡಿನ ನಾಟಕ ಮಾಡಿ 1985ರಲ್ಲಿ ಲಂಡನ್ ರಂಗಕ್ಕೆ ತಂದರು. ಮಾತು ಅನ್ನುವುದು ಬಹಳ ಕಡಿಮೆ, ಪೂರ್ತಿ ಕಥೆ ಹಾಡಿನಲ್ಲೇ ಸಾಗುತ್ತದೆ. ಸಾಮಾನ್ಯವಾಗಿ ಸಿನಿಮಾದಲ್ಲಿ ಹಾಡನ್ನು ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಆಮೇಲೆ ತುಟಿ ಆಡಿಸುತ್ತಾರೆ. ಇಲ್ಲಿ ಹಾಗೆ ಮಾಡಲಿಲ್ಲ. ನಟರು ಕ್ಯಾಮೆರಾ ಮುಂದೆಯೇ ಹಾಡಿದರು. ಕಿವಿಯಲ್ಲಿ ಸಣ್ಣ ಇಯರ್‌ಪೀಸ್, ಅದರಲ್ಲಿ ಪಿಯಾನೋ. ವಾದ್ಯವೃಂದ ಸೇರಿದ್ದು ಆಮೇಲೆ. ಅದಕ್ಕೇ ಆನ್ ಹ್ಯಾಥವೇ ಹಾಡುವಾಗ ಉಸಿರು ತಪ್ಪುವುದು, ದನಿ ಒಡೆಯುವುದು, ಮೂಗು ಎಳೆಯುವುದು ಎಲ್ಲ ಹಾಗೇ ಉಳಿದಿದೆ. ಫಾಂಟೀನ್ ಅನ್ನುವ ಆ ಪಾತ್ರ ಮಗಳ ಖರ್ಚಿಗೆ ದುಡ್ಡು ಕಳಿಸಲು ತನ್ನ ಕೂದಲು ಮಾರುತ್ತಾಳೆ. ಆ ದೃಶ್ಯಕ್ಕೆ ಹ್ಯಾಥವೇ ತಲೆಕೂದಲನ್ನು ನಿಜವಾಗಿಯೇ ಕತ್ತರಿಸಿದ್ದರು. ಆಮೇಲೆ ಬರುವ ಹಾಡಿನಲ್ಲಿ ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ನಿಮಗೆ ಅಲ್ಲೂ ನಗು ಬಂದರೆ ನಾನು ಸೋತೆ. ರಸೆಲ್ ಕ್ರೋ ಹಾಡಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ಅಲ್ಲಿ ಬೇಕಾದರೆ ನಗಿ.

ಈಗ ಎರಡನೆಯದು. ಕಣ್ಣೀರು ಯಾವಾಗ ಬರುತ್ತದೆ ಅಂತ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ. ನನ್ನ ಮಟ್ಟಿಗೆ, ಸಾವು ತೋರಿಸಿದರೆ ಬರುವುದಿಲ್ಲ. ಕಾಯಿಲೆ ತೋರಿಸಿದರೂ ಇಲ್ಲ. ಕೊಡಲು ಏನೂ ಉಳಿದಿಲ್ಲದವರ ಹತ್ತಿರ ಯಾರೋ ಬಂದು ಏನನ್ನೋ ಕೇಳುತ್ತಾರಲ್ಲ, ಅಲ್ಲಿ ನನಗೆ ತಡೆಯಲು ಆಗುವುದಿಲ್ಲ. ಅದರಲ್ಲೂ ಕೇಳುವವರ ಕಡೆಗೂ ನ್ಯಾಯ ಇದ್ದರೆ ಮುಗಿಯಿತು.

ಹರಿಶ್ಚಂದ್ರನ ಸ್ಮಶಾನದ ಸನ್ನಿವೇಶ ತೆಗೆದುಕೊಳ್ಳಿ. ರಾಘವಾಂಕ ಬರೆದದ್ದು, ಆಟಕ್ಕೂ ಬಂತು, 1965ರಲ್ಲಿ ರಾಜ್‌ಕುಮಾರ್ ಸಿನಿಮಾದಲ್ಲೂ ಬಂತು. ಹಾವು ಕಚ್ಚಿ ಸತ್ತ ಮಗನನ್ನು ಎತ್ತಿಕೊಂಡು ಚಂದ್ರಮತಿ ರಾತ್ರಿ ಹೊತ್ತು ಸುಡುಗಾಡಿಗೆ ಬರುತ್ತಾಳೆ. ಅಲ್ಲಿ ಕಾವಲಿಗೆ ಇರುವವನು ಗಂಡನೇ. ಕತ್ತಲೆ, ಇಬ್ಬರಿಗೂ ಗುರುತಿಲ್ಲ. ಸುಡಬೇಕಾದರೆ ತೆರಿಗೆ ಕೊಡು ಅನ್ನುತ್ತಾನೆ. ಏನೂ ಇಲ್ಲ ಅನ್ನುತ್ತಾಳೆ. ಕೊರಳಲ್ಲಿ ತಾಳಿ ಇದೆಯಲ್ಲ, ಅದನ್ನು ಕೊಡು ಅನ್ನುತ್ತಾನೆ. ಆ ತಾಳಿ ಗಂಡನ ಕಣ್ಣಿಗೆ ಬಿಟ್ಟರೆ ಬೇರೆ ಯಾರಿಗೂ ಕಾಣುವಂಥದ್ದಲ್ಲ. ಅಲ್ಲಿಗೆ ಇಬ್ಬರಿಗೂ ಎಲ್ಲ ಗೊತ್ತಾಗುತ್ತದೆ. ಬೇರೆ ಕಥೆಯಾಗಿದ್ದರೆ ಇಲ್ಲಿಗೆ ಅಪ್ಪಿಕೊಂಡು ಅತ್ತು ಮುಗಿಸುತ್ತಿದ್ದರು. ಇಲ್ಲಿ ಅವನು ಗುರುತು ಸಿಕ್ಕ ಮೇಲೂ ತೆರಿಗೆ ಬಿಡುವುದಿಲ್ಲ. ಅದು ತನ್ನದಲ್ಲ, ಒಡೆಯನಿಗೆ ಸೇರಬೇಕಾದ್ದು.

ನಮ್ಮ ಕಡೆಯ ಕವಲಕ್ಕಿ ಊರಿನ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಈ ಆಟ ನೋಡಿದ್ದೆ. ದೊಡ್ಡ ಹೆಸರಿನ ಕಲಾವಿದರೇನೂ ಆಗಿರಲಿಲ್ಲ. ಗುರುತಾದ ಕೂಡಲೇ ಹರಿಶ್ಚಂದ್ರ ಮಗನ ಮುಖ ಸವರಲು ಕೈ ಚಾಚಿದ. ಕೈ ಅರ್ಧಕ್ಕೆ ನಿಂತಿತು. ಆಮೇಲೆ ನಿಧಾನಕ್ಕೆ ಅಂಗೈ ಮೇಲೆ ಮಾಡಿದ. ಸವರಲು ಹೋದ ಕೈ ಬೇಡುವ ಕೈ ಆಯಿತು, ಅಷ್ಟೇ. ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ಕವಳ (ಎಲೆ ಅಡಿಕೆ) ಜಗಿಯುತ್ತಿದ್ದವರು ಜಗಿಯುವುದನ್ನೇ ಮರೆತಿದ್ದರು. ನಾನು ಚಳಿಗೆ ಹೊದ್ದಿದ್ದ ಶಾಲಿನಿಂದ ಮುಖ ಒರೆಸಿಕೊಂಡೆ. ಯಕ್ಷಗಾನದ ದೊಡ್ಡ ಕಲಾವಿದ ಕೆರೆಮನೆ ಶಂಭು ಹೆಗಡೆಯವರ ಹರಿಶ್ಚಂದ್ರ ನೋಡಿದ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಎದುರು ಈ ಮಾತು ಎತ್ತಿದರೆ, ಅದು ಬಿಡು, ಅವರದ್ದು ನೋಡಬೇಕಿತ್ತು ಅಂತ ಶುರು ಮಾಡುತ್ತಾರೆ. ಬೆಳಗಾದರೂ ಮುಗಿಯುವುದಿಲ್ಲ.

ಕರ್ಣನ ಕಥೆಯಲ್ಲಿ ನೋಡಿ, ಕೇಳುವವರು ಇಬ್ಬರು. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ ಕುಂಡಲ ಕೇಳುತ್ತಾನೆ. ಅಲ್ಲಿ ನನಗೆ ಸಿಟ್ಟು ಬರುತ್ತದೆ, ಅಳು ಬರುವುದಿಲ್ಲ. ಅವನು ಬಂದದ್ದೇ ಮೋಸಕ್ಕೆ. ಕುಂತಿ ಬಂದು ತೊಟ್ಟ ಬಾಣವನ್ನು ಮತ್ತೆ ತೊಡಬೇಡ ಅಂತ ಕೇಳುವಾಗ ಮಾತ್ರ ಗಂಟಲು ಕಟ್ಟುತ್ತದೆ. ಅವಳದ್ದು ಸ್ವಾರ್ಥವೇ. ಆದರೆ ಉಳಿದ ಐವರೂ ಅವಳ ಮಕ್ಕಳೇ ಅಲ್ವಾ? ಯಾರನ್ನು ಬೈಯುವುದು? ಬೈಯಲು ಜನ ಸಿಗದಿದ್ದಾಗಲೇ ಕಣ್ಣೀರು ಬರುವುದು.

‘ಕಸ್ತೂರಿ ನಿವಾಸ’ (1971) ಕೂಡ ಇದೇ ಲೆಕ್ಕ. ಕೊಟ್ಟು ಕೊಟ್ಟು ಬರಿಗೈ ಆದ ಮನುಷ್ಯನ ಮನೆಗೆ ಒಬ್ಬಳು ತಾಯಿ ಮಗುವಿಗಾಗಿ ಪಾರಿವಾಳ ಕೇಳಲು ಬರುತ್ತಾಳೆ. ಅವಳಿಗೆ ಊಟ ಹಾಕಲೆಂದೇ ಆ ಪಾರಿವಾಳ ಆಗಲೇ ಮಾರಾಟವಾಗಿ ಹೋಗಿರುತ್ತದೆ. ಅವಳ ತಪ್ಪಿಲ್ಲ, ಅವನ ತಪ್ಪಂತೂ ಇಲ್ಲವೇ ಇಲ್ಲ. ರಾಜ್‌ಕುಮಾರ್ ಅಲ್ಲಿ ದನಿ ಎತ್ತುವುದಿಲ್ಲ ಅನ್ನುವುದು ನನಗೆ ಮುಖ್ಯ. 2014ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನೀವು ಕಪ್ಪು ಬಿಳುಪಿನದನ್ನೇ ನೋಡಿ.

ಇದಕ್ಕೆ ಎದುರು ‘ಬಂಧನ’ (1984). ಇದನ್ನು ಹೇಳಿದರೆ ಆಯಿ ನನ್ನ ಜೊತೆ ಮಾತು ಬಿಡುತ್ತಾರೆ. ವಿಷ್ಣುವರ್ಧನ್ ಅಭಿನಯಕ್ಕೆ ಎರಡು ಮಾತಿಲ್ಲ, ಹಾಡುಗಳೂ ಚೆನ್ನಾಗಿವೆ. ಆದರೆ ಹೇಳಿಕೊಳ್ಳದ ಪ್ರೀತಿ ಒಂದೇ ಸಾಕಿತ್ತು, ಮೇಲಿಂದ ಕ್ಯಾನ್ಸರ್ ಬೇರೆ ತಂದಿದ್ದು ಯಾಕೆ? ಅಳು ಬರಲಿ ಅಂತ ಎರಡೂ ಕಡೆಯಿಂದ ನೂಕಿದರೆ ನಾನು ಗಟ್ಟಿಯಾಗಿ ನಿಂತುಬಿಡುತ್ತೇನೆ. ಥಿಯೇಟರಿನಲ್ಲಿ ಆ ಕಾಲದಲ್ಲಿ ಅತ್ತವರಿಗೆ ಈ ಮಾತು ಒಪ್ಪಿಗೆಯಾಗಲಿಕ್ಕಿಲ್ಲ, ಗೊತ್ತಿದೆ.

ಇನ್ನು ಹಾಡಿನ ನಾಟಕ ಹೊರಗಿನದ್ದು ಅಂತ ಬರೆದಿದ್ದೀರಿ. ಅದೊಂದು ಒಪ್ಪಲು ಆಗುವುದಿಲ್ಲ. ನಮ್ಮ ಪಕ್ಕದ ಕರ್ಕಿಯ ಯಕ್ಷಗಾನ ಮೇಳ 1842ರ ಸುಮಾರಿಗೆ ಸಾಂಗ್ಲಿಗೆ ಹೋಗಿ ಅಲ್ಲಿನ ರಾಜರ ಎದುರು ಆಟ ಆಡಿತ್ತು. ಅದನ್ನು ನೋಡಿಯೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ್ದು. ಮರಾಠಿ ರಂಗಭೂಮಿ ಶುರುವಾದದ್ದು ಅಲ್ಲಿಂದಲೇ ಅನ್ನುತ್ತಾರೆ. ಮುಂದೆ 1880ರ ದಶಕದಲ್ಲಿ ಕಿರ್ಲೋಸ್ಕರರ ಸಂಗೀತ ನಾಟಕ ಬಂತು. ಅದರ ಗಾಳಿ ಮತ್ತೆ ನಮ್ಮ ಕಂಪನಿ ನಾಟಕಗಳಿಗೆ ಬೀಸಿತು. ಕಾರವಾರ ಕಡೆ ಸಂಗೀತ ನಾಟಕದ ರುಚಿ ಇರುವ ಹಿರಿಯರು ಈಗಲೂ ಸಿಗುತ್ತಾರೆ.

ಏನು ನೋಡಬೇಕು ಅಂದರೆ, ಮೊದಲು ‘ಕಸ್ತೂರಿ ನಿವಾಸ’. ಹಾಡು ಇದ್ದರೂ ಕಥೆ ಮಾತಿನಲ್ಲಿ ನಡೆಯುತ್ತದೆ, ನಿಮಗೆ ತೊಂದರೆ ಆಗುವುದಿಲ್ಲ. ಆಮೇಲೆ ‘ಲೆ ಮಿಸರಾಬ್ಲ್’. ಅದರಲ್ಲಿ ಪಾದ್ರಿಯ ದೃಶ್ಯ ತಪ್ಪಿಸಬೇಡಿ. ಬೆಳ್ಳಿ ಸಾಮಾನು ಕದ್ದವನನ್ನು ಪೊಲೀಸರು ಹಿಡಿದು ತಂದಾಗ ಪಾದ್ರಿ, ಅದು ನಾನೇ ಕೊಟ್ಟದ್ದು, ಈ ಮೇಣದಬತ್ತಿ ಕಂಬ ಬಿಟ್ಟು ಹೋದೆಯಲ್ಲ ಅಂತ ಅದನ್ನೂ ಕೊಡುತ್ತಾನೆ. ನನ್ನ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಯಾರೂ ಏನೂ ಕೇಳಿಲ್ಲ. ಆದರೂ ಗಂಟಲು ಕಟ್ಟುತ್ತದೆ, ಯಾಕೆ ಅಂತ ಇನ್ನೂ ಯೋಚನೆ ಮಾಡುತ್ತಿದ್ದೇನೆ.

ಆಟ ನೋಡುವುದಾದರೆ ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಮೇ ಒಳಗೆ ಬನ್ನಿ. ಹರಿಶ್ಚಂದ್ರ ಅಥವಾ ಕರ್ಣಪರ್ವ ಇರುವ ದಿನ ನೋಡಿಕೊಳ್ಳಿ. ಈಗ ಕಾಲಮಿತಿ ಆಟ ಜಾಸ್ತಿ, ರಾತ್ರಿಯಿಡೀ ಕೂರುವ ಭಯ ಬೇಡ. ಆದರೆ ಕಾಲಮಿತಿಯಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ನಿಧಾನದ ಪದ್ಯಗಳಿಗೇ. ಇಡೀ ರಾತ್ರಿಯ ಆಟ ಸಿಕ್ಕರೆ ಅದಕ್ಕೇ ಹೋಗಿ, ಮಧ್ಯಾಹ್ನ ಮಲಗಿ ಎದ್ದು ಬನ್ನಿ. ಚಂಡೆಯ ಹತ್ತಿರ ಮಾತ್ರ ಕೂರಬೇಡಿ, ಎರಡು ದಿನ ಕಿವಿ ಗುಂಯ್ ಅನ್ನುತ್ತದೆ.